ಗಣಕಯಂತ್ರ ಕೆಟ್ಟಿರಲಿಲ್ಲ

ರೇಷ್ಮೆಗೂಡು ಮಾರಿದ ಹಣದಲ್ಲಿ ನಮ್ಮ ತಂದೆಯವರು ನನಗೊಂದು ಹಳೆಯ ಗಣಕಯಂತ್ರವನ್ನು ಕೊಡಿಸಿದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮನೆಗೆ ಬಂದ ಮೊದಲ ಗಣಕಯಂತ್ರವೂ ಅದೇ. ಅದರಲ್ಲಿದ್ದ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸಾಧನ ಈ ಯಂತ್ರದಲ್ಲಿರಲಿಲ್ಲ. ಆದುದರಿಂದ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಸ್ಥಾಪಿಸಲು ಹೊರಟೆ. ಲಿನಕ್ಸಿನ ತಿರುಳನ್ನು 1991ರಲ್ಲಿ ರಚಿಸಿದ ಲೀನಸ್ ಟೋರ್ವಾಲ್ಡ್ಸ್ ಆಗ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿ. ಒಬ್ಬ ವಿದ್ಯಾರ್ಥಿ ರಚಿಸಿದ್ದನ್ನು ಇನ್ನೊಬ್ಬ ವಿದ್ಯಾರ್ಥಿ ಸ್ಥಾಪಿಸಲಾರನೆ ಎಂಬುದು ನನ್ನ ಗರ್ವ!

ಆ ಗರ್ವ ಅರ್ಧ ಗಂಟೆಯೂ ನಿಲ್ಲಲಿಲ್ಲ. ಕೆಲಸ ನಡುವೆಯೇ ನಿಂತು, ಕಡತವನ್ನು ಓದಲಾಗುತ್ತಿಲ್ಲವೆಂಬ ಸೂಚನೆ ಬಂದಿತು. “ಏನ್ಲಾ ಮಗ, ಕೆಟ್ಟೋಯ್ತಾ?” ಎಂದರು ಅಪ್ಪ. ನನಗೆ ಬಾಯಿ ಹೊರಡಲಿಲ್ಲ.

ವಾಚಕರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್ ಇರುವುದು ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ. ಡಿಸ್ಕು ಬರಿದಾದರೂ ಅದು ಹಾಗೆಯೇ ಉಳಿದಿರುತ್ತದೆ. ಡಿಸ್ಕಿನ ಕಡತಗಳು ಅಳಿಯಬಹುದು. ಅವುಗಳ ಪ್ರತಿಯನ್ನು ಮೊದಲೇ ತೆಗೆದಿಡಬೇಕು. ಆದರೆ ಸ್ಥಾಪನೆ ಕೆಟ್ಟ ಮಾತ್ರಕ್ಕೆ ಯಂತ್ರ ಕೆಟ್ಟಂತಲ್ಲ.

ಆದ್ದರಿಂದ ಮೊದಲು ಪೆನ್‌ಡ್ರೈವಿಗೆ ತುಂಬಿದ್ದ ಕಡತವನ್ನು ಪರೀಕ್ಷಿಸಿದೆ. ಕಡತವನ್ನು ಕೊಡುವವರು ಅದರೊಡನೆ ಶಾ-256 ಎಂಬ, 64 ಅಂಕಿ-ಅಕ್ಷರಗಳ ಗುರುತನ್ನೂ ಕೊಡುತ್ತಾರೆ. ಒಳಗೆ ಎಳ್ಳಷ್ಟು ಬದಲಾದರೂ ಗುರುತು ಬೇರೆಯೇ ಆಗುತ್ತದೆ. ನನ್ನ ಕಡತದ ಗುರುತು ಹೊಂದಲಿಲ್ಲ; ಇಳಿಸಿಕೊಳ್ಳುವಾಗಲೇ ಅದು ಕೆಟ್ಟಿತ್ತು.

ಹೊಸದಾಗಿ ಇಳಿಸಿದೆ. ಈ ಸಲ ಸ್ಥಾಪನೆ ಮುಗಿಯಿತು. ಆದರೆ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ, ಬೂಟ್ ಮಾಡಲು ಏನೂ ಇಲ್ಲವೆಂಬ ಉತ್ತರ! ಯಂತ್ರ ಏಳುವುದಕ್ಕೆ ಎರಡು ದಾರಿಗಳುಂಟು: ಬಯೋಸ್ ಎಂಬ ಹಳೆಯದು, ಯುಇಎಫ್‌ಐ ಎಂಬ ಹೊಸದು. ನಾನು ತಿಳಿಯದೆ ಪೆನ್‌ಡ್ರೈವನ್ನು ಹಳೆಯ ದಾರಿಯಲ್ಲಿ ಎಬ್ಬಿಸಿದ್ದರಿಂದ ಸ್ಥಾಪನೆಯೂ ಅದಕ್ಕೆ ತಕ್ಕಂತೆಯೇ ಆಗಿತ್ತು. ಯಂತ್ರವಾದರೋ ಡಿಸ್ಕಿನಲ್ಲಿ ಹೊಸ ದಾರಿಯನ್ನು ಹುಡುಕುತ್ತಿತ್ತು. ಹಿತ್ತಿಲ ಬಾಗಿಲಿಗೆ ಬಂದ ನೆಂಟನನ್ನು ತಲೆಬಾಗಿಲಲ್ಲಿ ಕಾದಂತೆ! ಆರಂಭದ ಪಟ್ಟಿಯಲ್ಲಿ ಯುಇಎಫ್‌ಐ ಎಂದಿದ್ದ ಸಾಲನ್ನು ಆರಿಸಿ ಮೂರನೆಯ ಸಲ ಸ್ಥಾಪಿಸಿದೆ. ಪರದೆ ಬೆಳಗಿತು.

ದೋಷ ಯಾವ ಹಂತದಲ್ಲಿದೆಯೆಂದು ಒಂದೊಂದಾಗಿ ನೋಡದೆ ಯಂತ್ರವನ್ನು ದೂರುವುದು ಸಲ್ಲದೆಂದು ಅಂದು ಕಲಿತೆ. “ಕೆಟ್ಟಿರಲಿಲ್ಲ ಕಣಪ್ಪ” ಎಂದೆ. “ಅಂಗಂತ ಆಗ್ಲೇ ಯೋಳಬಾರ್ದಿತ್ತಾ!” ಎಂದು ಅಪ್ಪ ನಕ್ಕರು.