ಮಡುವಿನ ಮೀನು

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವಾಗ ಸೇತುವೆಯ ಮೇಲಿಂದ ಕಾವೇರಿಯನ್ನು ನೋಡುವ ನಮ್ಮಂಥವರಿಗೆ ಹೊಳೆಯೆಂದರೆ ನೀರಿನ ಒಂದೇ ಹರವು. ಅಂಬಿಗನಿಗೆ ಹಾಗಲ್ಲ. ಸೆಳವು, ಸುಳಿ, ಮರಳು, ಮಡು ಎಂದು ಅವನು ಅದನ್ನು ಊರಿನ ಬೀದಿಗಳಂತೆ ಬಿಡಿಬಿಡಿಯಾಗಿ ಬಲ್ಲನು. ಇವುಗಳಲ್ಲಿ ಮಡುವನ್ನು ಗುರುತಿಸುವುದು ಹೇಗೆ, ಅಲ್ಲಿನ ದೊಡ್ಡ ಮೀನಿಗೆ ಗಾಳವಿಡುವುದು ಹೇಗೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮಡು ಆಕಸ್ಮಿಕವಾಗಿ ಆದುದಲ್ಲ. ಹೊಳೆಯೇ ಅದನ್ನು ತೋಡುತ್ತದೆ. ಹೊಳೆ ತಿರುಗುವೆಡೆಯಲ್ಲಿ ನೀರು ಹೊರದಡಕ್ಕೆ ನುಗ್ಗಿ ತಳವನ್ನು ಕೊರೆಯುತ್ತದೆ. ಒಳದಡದಲ್ಲಿ ವೇಗ ಕುಂದಿ ಮರಳು ನಿಲ್ಲುತ್ತದೆ. ಆದುದರಿಂದ ತಿರುವಿನಲ್ಲಿ ಮರಳದಿಣ್ಣೆ ಕಂಡರೆ ಆಳವು ಎದುರುದಡದಲ್ಲಿದೆಯೆಂದು ಊಹಿಸಬಹುದು. ಬಂಡೆಗಳ ನಡುವೆ ನೀರು ಧುಮುಕುವೆಡೆಯ ಕೆಳಗೂ ಎರಡು ಹೊಳೆಗಳು ಕೂಡುವಲ್ಲಿಯೂ ಇಂಥ ಕೊರೆತ ನಡೆಯುವುದುಂಟು. ನೀರಿನ ಮೈಯೂ ಸಾಕ್ಷಿ ಹೇಳುತ್ತದೆ: ತೆಳುನೀರು ಕಲ್ಲುಗಳ ಮೇಲೆ ಗಲಗಲಿಸುತ್ತದೆ, ಆಳದ ನೀರು ಕಪ್ಪಾಗಿ, ನುಣುಪಾಗಿ, ಸದ್ದಿಲ್ಲದೆ ಸಾಗುತ್ತದೆ. ಸಂಶಯವಿದ್ದರೆ ಮೊಳಕ್ಕೊಂದು ಗಂಟಿನ ಹಗ್ಗಕ್ಕೆ ಕಲ್ಲು ಕಟ್ಟಿ ಹರಿಗೋಲಿನಿಂದ ಇಳಿಬಿಟ್ಟು ಗಂಟುಗಳನ್ನೆಣಿಸಿದರಾಯಿತು.

ಇಂಥ ಮಡುವಿನ ಅರಸು ನಮ್ಮ ಬಿಳಿಮೀನು. ಇಂಗ್ಲಿಷರು ಮಹಸೀರ್ ಎಂದು ಕರೆದದ್ದು ಇದರ ಕುಲವನ್ನೇ. 1946ರಲ್ಲಿ ಕಬಿನಿಯಲ್ಲಿ ವಾನ್ ಇಂಗನ್ ಎಂಬವರ ಗಾಳಕ್ಕೆ ಸಿಕ್ಕಿದ ಮೀನು 120 ಪೌಂಡು ತೂಗಿತು. ಇಷ್ಟು ಭಾರದ ಜೀವಕ್ಕೆ ಹಗಲೆಲ್ಲ ಸೆಳವಿನೊಡನೆ ಹೋರಾಡುವುದು ದಂಡ. ಅದು ಮಡುವಿನ ತಲೆಯಲ್ಲಿ, ತೆಳುನೀರು ಆಳಕ್ಕಿಳಿಯುವ ಅಂಚಿನಲ್ಲಿ, ಬಂಡೆಯ ಮರೆಗೆ ನಿಲ್ಲುತ್ತದೆ. ಮೇಲಿನ ಸೆಳವು ಅಲ್ಲಿಗೆ ಆಹಾರವನ್ನೂ ಗಾಳಿ ಬೆರೆತ ನೀರನ್ನೂ ತಂದುಕೊಡುತ್ತದೆ. ಸಂಜೆ ಮುಂಜಾವಗಳಲ್ಲಿ ತೆಳುನೀರಿಗೆ ಬಂದು ಮೇಯುತ್ತದೆ.

ಆದುದರಿಂದ ಗಾಳವನ್ನು ಮಡುವಿನ ನಡುವೆ ಎಸೆಯುವುದು ಹೊಸಬರ ತಪ್ಪು. ಮೇಲಿನ ಸೆಳವಿಗೆ ಎಸೆದು, ಅದು ಉರುಳುತ್ತ ಅಂಚಿನಿಂದಿಳಿಯುವಂತೆ ಮಾಡಬೇಕು. ಬೇಯಿಸಿದ ರಾಗಿಹಿಟ್ಟಿನ ಗಟ್ಟಿಯುಂಡೆ, ಏಡಿ, ಸಣ್ಣ ಮೀನು, ಇವು ಕಾವೇರಿಯಲ್ಲಿ ವಾಡಿಕೆಯ ಎರೆಗಳು. ದಾರಕ್ಕೆ ತೆಳುವಾದ ಸೀಸದ ಪಟ್ಟಿಯನ್ನು ಸುತ್ತಿದರೆ ಎರೆ ತಳ ಮುಟ್ಟುತ್ತದೆ. ಮೀನು ಕಚ್ಚಿದೊಡನೆ ಬಾಣದಂತೆ ಓಡುತ್ತದೆ. ಆಗ ಎಳೆದವನ ದಾರ ಹರಿಯಿತೆಂದೇ ತಿಳಿಯಬೇಕು. ಹದವಾಗಿ ಬಿಟ್ಟು, ಬಾಗಿದ ಕೋಲಿನಿಂದಲೇ ದಣಿಸಬೇಕು.

ಇಷ್ಟು ತಿಳಿದವನ ಹೊಣೆಯೂ ದೊಡ್ಡದು. ಬೇಸಗೆಯಲ್ಲಿ ಹೊಳೆ ಬತ್ತಿದಾಗ ಹಲವು ಮೈಲಿಗಳ ಮೀನು ಒಂದೇ ಮಡುವಿಗೆ ಸೇರುತ್ತದೆ. ಅದರ ಆಶ್ರಯವೇ ಅದಕ್ಕೆ ಗಂಡಾಂತರ: ಸಿಡಿಮದ್ದಿನ ಒಂದು ಪೆಟ್ಟಿಗೆ ತಾಯಿಮರಿಗಳೆಲ್ಲ ಸಾಯುತ್ತವೆ. ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಈ ಕಾವೇರಿಯ ಜಾತಿಗೆ ಶಾಸ್ತ್ರದಲ್ಲಿ ತಾರ್ ರೆಮಾದೇವಿ ಎಂಬ ಹೆಸರು ಸಲ್ಲುವುದೆಂದು ನಿಶ್ಚಯವಾದದ್ದು 2018ರಲ್ಲಿ. ಅದು ಅಳಿವಿನ ತೀರ ಅಂಚಿನಲ್ಲಿದೆಯೆಂದು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ಕಾವೇರಿ ಕಣಿವೆಯ ಹೊರಗೆ ಅದಕ್ಕೆ ಬೇರೆ ಮನೆಯಿಲ್ಲ. ಮುತ್ತತ್ತಿ, ಭೀಮೇಶ್ವರಿಗಳ ಸುತ್ತಿನ ಹೊಳೆ ವನ್ಯಜೀವಿಧಾಮಕ್ಕೆ ಸೇರಿದೆ. ಅಲ್ಲಿ ಮಡುವನ್ನು ನೋಡಿ ಸಂತೋಷಪಡಬೇಕೇ ಹೊರತು ಗಾಳವಿಡುವಂತಿಲ್ಲ. ಅನುಮತಿಯಿರುವ ಕಡೆ ಹಿಡಿದವರು ಮೀನನ್ನು ನೀರಿನಿಂದೆತ್ತದೆ, ಒದ್ದೆಗೈಯಿಂದ ಆಧರಿಸಿ, ತಲೆಯನ್ನು ಸೆಳವಿನ ಕಡೆಗೆ ತಿರುಗಿಸಿ, ತಾನಾಗಿ ಹೊರಡುವ ತನಕ ಕಾದು ಬಿಡುವುದು ಧರ್ಮ.

ನಮ್ಮ ಹಿರಿಯರು ಈ ವಿವೇಕವನ್ನು ಬೇರೆ ಮಾತಿನಲ್ಲಿ ಹೇಳಿದ್ದರು. ಕಾವೇರಿಯ ರಾಮನಾಥಪುರದಲ್ಲಿಯೂ ತುಂಗೆಯ ಶೃಂಗೇರಿಯಲ್ಲಿಯೂ ದೇವಾಲಯದ ಮುಂದಿನ ಮೀನನ್ನು ಯಾರೂ ಮುಟ್ಟಬಾರದು. ಹೊಳೆಯಲ್ಲಿ ಒಂದು ಮಡುವಾದರೂ ನಿರ್ಭಯವಾಗಿದ್ದರೆ ಮುಂದಿನ ಮಳೆಗಾಲಕ್ಕೆ ಬೀಜ ಉಳಿದಿರುತ್ತದೆ.