ನಿತ್ಯಬಳಕೆಯ ವಸ್ತು ಮತ್ತು ಮುದ್ರಣಚಿತ್ರ: ಪಾಪ್ ಕಲೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಅಂಗಡಿಯ ಡಬ್ಬಿ, ಸಾಬೂನಿನ ಪೆಟ್ಟಿಗೆ, ಜಾಹೀರಾತಿನ ಹಾಳೆ ಮೊದಲಾದ ನಿತ್ಯಬಳಕೆಯ ಸರಕುಗಳನ್ನೇ ಕಲೆಯ ವಸ್ತುವಾಗಿಸಿಕೊಂಡ ಪಂಥವು ಪಾಪ್ ಕಲೆ. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ತಲೆದೋರಿದ ಈ ಪಂಥ 1960ರ ದಶಕದಲ್ಲಿ ಅಮೆರಿಕದಲ್ಲಿ ಪ್ರಬಲವಾಯಿತು. ಸಾಮಾನ್ಯ ವಸ್ತು ಕಲೆಯಾಗಿ ಮಾರ್ಪಡುವ ಬಗೆ ಯಾವುದು, ನಮ್ಮ ಪ್ರದೇಶದ ಮುದ್ರಣಚಿತ್ರಗಳ ಅಧ್ಯಯನಕ್ಕೆ ಅದು ಎಷ್ಟರಮಟ್ಟಿಗೆ ಅಳತೆಗೋಲಾಗಬಲ್ಲದು ಎಂಬುದನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಆಂಡಿ ವಾರ್ಹಾಲ್ 1962ರಲ್ಲಿ ಕ್ಯಾಂಪ್‌ಬೆಲ್ ಸೂಪಿನ ಡಬ್ಬಿಗಳನ್ನು 32 ಚಿತ್ರಪಟಗಳಲ್ಲಿ ಪ್ರದರ್ಶಿಸಿದನು. ಅವು ಬಹುಮಟ್ಟಿಗೆ ಕೈಯಿಂದ ರಚಿತವಾದವು. ಅದೇ ವರ್ಷ ಅವನು ಸ್ಕ್ರೀನ್ ಮುದ್ರಣದತ್ತ ಹೊರಳಿದನು. 1968ರಲ್ಲಿ ಅದೇ ಡಬ್ಬಿ 10 ಮುದ್ರಣಚಿತ್ರಗಳ ಮಾಲಿಕೆಯಾಗಿ ಹೊರಬಂದಿತು. ಚೌಕಟ್ಟಿಗೆ ಬಿಗಿದ ತೆಳುಬಟ್ಟೆಯಲ್ಲಿ ಬೇಡದ ಭಾಗವನ್ನು ಮುಚ್ಚಿ, ಉಳಿದ ರಂಧ್ರಗಳ ಮೂಲಕ ಬಣ್ಣವನ್ನು ಒತ್ತುವುದು ಈ ವಿಧಾನ. ನಮ್ಮಲ್ಲಿ ಲಗ್ನಪತ್ರಿಕೆ ಮುದ್ರಿಸುವವರಿಗೆ ಇದು ಚಿರಪರಿಚಿತ. ಇಲ್ಲಿ ಡಬ್ಬಿಯ ರೂಪ ಹೆಚ್ಚೇನೂ ಬದಲಾಗುವುದಿಲ್ಲ. ಬಳಕೆಯಿಂದ ಬೇರ್ಪಡಿಸುವುದು, ಗಾತ್ರವನ್ನು ಹಿಗ್ಗಿಸುವುದು, ಪುನರಾವರ್ತಿಸುವುದು ಎಂಬ ಮೂರು ಕ್ರಿಯೆಗಳಿಂದ ನೋಡುವವನ ದೃಷ್ಟಿ ಬದಲಾಗುತ್ತದೆ.

ನಮ್ಮಲ್ಲಿ ಈ ಚಲನೆ ವಿರುದ್ಧ ದಿಕ್ಕಿನಲ್ಲಿ ಮೊದಲಾಯಿತು ಎಂಬುದು ಗಮನಾರ್ಹ. ತಿರುವನಂತಪುರದ ಸಮೀಪದ ಕಿಳಿಮಾನೂರಿನಲ್ಲಿ ಜನಿಸಿದ ರಾಜಾ ರವಿವರ್ಮ (1848–1906) 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದನು. ಅವನ ಮೂಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಂತಹ ರಾಜಾಶ್ರಯದ ತಾಣಗಳಲ್ಲಿ ನೆಲೆಗೊಂಡರೆ, ಅಚ್ಚಾದ ಲಕ್ಷ್ಮೀ ಸರಸ್ವತಿಯರು ಸಾಮಾನ್ಯರ ದೇವರ ಗೂಡನ್ನು ಸೇರಿದರು. ಮುಂದೆ ಕ್ಯಾಲೆಂಡರು, ಬೆಂಕಿಪೊಟ್ಟಣಗಳ ಮೇಲೂ ಕಾಣಿಸಿಕೊಂಡರು. ಪಾಪ್ ಕಲೆಯಲ್ಲಿ ಸರಕು ಚಿತ್ರವಾಯಿತು. ಇಲ್ಲಿ ಚಿತ್ರವೇ ಸರಕಾಯಿತು.

ಆದರೆ ಮಾರ್ಪಾಟು ಅಲ್ಲಿಗೇ ನಿಲ್ಲಲಿಲ್ಲ. ಕೊಂಡುತಂದ ಪಟಕ್ಕೆ ಮನೆಯವರು ಜರಿ, ಬಟ್ಟೆ, ಚಮಕಿಗಳನ್ನು ಹೊಲಿದರು, ಅಂಟಿಸಿದರು. ಅರಿಸಿನ ಕುಂಕುಮಗಳನ್ನು ಹಚ್ಚಿದರು. ಒಂದೇ ಅಚ್ಚಿನ ಸಾವಿರ ಪ್ರತಿಗಳಲ್ಲಿ ಪ್ರತಿಯೊಂದೂ ಹೀಗೆ ಬೇರೆಯಾಯಿತು. ವಾರ್ಹಾಲನ ಡಬ್ಬಿ ಬಳಕೆಯನ್ನು ತೊರೆದು ಕಲೆಯಾದರೆ, ಈ ಪಟ ಬಳಕೆಯ ಮೂಲಕವೇ ವಿಶಿಷ್ಟವಾಯಿತು.

ಆದುದರಿಂದ ಪಾಪ್ ಕಲೆಯ ಅಳತೆಗೋಲನ್ನು ಯಥಾವತ್ತಾಗಿ ಅನ್ವಯಿಸುವುದು ಉಚಿತವಲ್ಲ. ಹೊರನಾಡಿನ ಕನ್ನಡ ಮನೆಗಳಲ್ಲಿ ಇಂತಹ ಪಟಗಳನ್ನು ಸಂಗ್ರಹಿಸುವ ಸಂಶೋಧಕರು ಅವುಗಳ ಮೇಲಿನ ಕುಂಕುಮವನ್ನು ಕೊಳೆಯೆಂದು ಒರೆಸಬಾರದು, ಜರಿಯನ್ನು ಬಿಡಿಸಬಾರದು. ಮುದ್ರಣಾಲಯದ ಹೆಸರಿನೊಂದಿಗೆ ಪಟವನ್ನು ತೂಗುಹಾಕಿದ್ದ ಸ್ಥಳ, ಪೂಜಿಸುತ್ತಿದ್ದ ಬಗೆ ಇವನ್ನೂ ದಾಖಲಿಸಬೇಕು. ಹಾಳೆಯನ್ನು ಶುಚಿಗೊಳಿಸುವ ಭರದಲ್ಲಿ ನಾಶವಾಗುವುದು ಅದರ ಚರಿತ್ರೆಯೇ ಎಂಬುದನ್ನು ನಾವು ಮರೆಯುವಂತಿಲ್ಲ.