ಟಾಫಿ ಎಂಬ ಗಾಜು: ಸೇಡಂನ ಬೇಸಿಗೆಯಲ್ಲೊಂದು ಅಡುಗೆಮನೆ ಪ್ರಯೋಗ

ನಮ್ಮ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಡಿಸೆಂಬರಿನಲ್ಲಿ ಅಲ್ಲಿ ಗೆಳತಿಯರ ಜೊತೆ ಸೇರಿ ಟಾಫಿ ಬಿಸ್ಕತ್ತಿನ ಪಟ್ಟಿಗಳನ್ನು ಮಾಡಿದ್ದಳಂತೆ. ಕೆಳಗೆ ಬೆಣ್ಣೆ ಬಿಸ್ಕತ್ತಿನ ಪದರ, ಅದರ ಮೇಲೆ ಕಟುಮ್ ಎನ್ನುವ ಟಾಫಿ, ಅದರ ಮೇಲೆ ಶೇಂಗಾ ಬೀಜ. ಮೇ ತಿಂಗಳ ರಜೆಗೆ ಸೇಡಂಗೆ ಬಂದಾಗ ಅದೇ ಅಳತೆಯಲ್ಲಿ ಅದನ್ನೇ ಮಾಡಿದಳು. ಸಂಜೆಗೆ ನೋಡಿದರೆ ಟಾಫಿ ಬೆರಳಿಗೆ ಅಂಟುತ್ತಿತ್ತು, ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡಿದ್ದವು.

"ಅಪ್ಪಾ, ಅಳತಿ ಅಷ್ಟೂ ಅದೇ ಹಾಕೀನಿ. ಅಲ್ಲಿ ಕಟಕಟ ಅಂತಿತ್ತು, ಇಲ್ಲ್ಯಾಕ ಹಿಂಗ ಮೆತ್ತಗಾತು?" ಎಂದು ಕೇಳಿದಳು.

ಒಲೆಯ ಬಳಿ ಕುಳಿತಿದ್ದ ನಮ್ಮ ಅವ್ವ, "ಪಾಕ ಇನ್ನಾ ಬಂದಿದ್ದಿಲ್ಲ" ಎಂದರು. ಇಬ್ಬರ ಮಾತಿನಲ್ಲೂ ಒಳ್ಳೆಯ ಭೌತವಿಜ್ಞಾನವಿದೆ. ಮಗಳ ಪ್ರಶ್ನೆಗೆ ಅವ್ವನ ಮಾತು ಎಷ್ಟರ ಮಟ್ಟಿಗೆ ಉತ್ತರ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಮಾಡುವ ವಿಧಾನವನ್ನೂ ಕೊಟ್ಟಿದ್ದೇನೆ. ನೀವು ಅಧ್ಯಾಪಕರಾಗಿದ್ದರೆ ಕುದಿಬಿಂದು, ಗುಪ್ತೋಷ್ಣ, ಘನ ಸ್ಥಿತಿಯ ಪಾಠಗಳಿಗೆ ಇದು ಒದಗಬಹುದು.

ಪಾಕವೇ ಅಳತೆಗೋಲು

ಶುದ್ಧ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಎಲ್ಲ ನೀರೂ ಆವಿಯಾಗುವವರೆಗೆ ತಾಪ ಅಲ್ಲೇ ನಿಂತಿರುತ್ತದೆ. ಸಕ್ಕರೆ ಕರಗಿದ ನೀರು ಹಾಗಲ್ಲ. ಸಕ್ಕರೆಯ ಅಣುಗಳು ಸೇರಿದಾಗ ನೀರಿನ ಆವಿಯ ಒತ್ತಡ ತಗ್ಗುತ್ತದೆ. ಅದು ಮತ್ತೆ ವಾತಾವರಣದ ಒತ್ತಡಕ್ಕೆ ಸಮನಾಗಬೇಕಾದರೆ ದ್ರಾವಣ ಇನ್ನಷ್ಟು ಬಿಸಿಯಾಗಬೇಕು. ಕುದಿಯುತ್ತ ಹೋದಂತೆ ನೀರು ಕಡಿಮೆಯಾಗುತ್ತದೆ, ದ್ರಾವಣ ಗಟ್ಟಿಯಾಗುತ್ತದೆ, ಕುದಿಬಿಂದು ಏರುತ್ತಲೇ ಇರುತ್ತದೆ. ಆದ್ದರಿಂದ ಕುದಿಯುವ ಪಾಕದ ತಾಪವನ್ನು ಓದಿದರೆ ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನೇ ಓದಿದಂತೆ.

100 ಗ್ರಾಂ ಸಕ್ಕರೆ ತೆಗೆದುಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಪಾಕ ಸುಮಾರು 116 ಡಿಗ್ರಿಗೆ ಬಂದಾಗ ಸಕ್ಕರೆಯ ಪ್ರಮಾಣ ಶೇಕಡಾ 85. ಉಳಿದಿರುವ ನೀರು ಸುಮಾರು 18 ಗ್ರಾಂ. ಇದು ನೀರಿಗೆ ಹಾಕಿದರೆ ಮೆತ್ತನೆಯ ಉಂಡೆಯಾಗುವ ಪಾಕ. ಸುಮಾರು 135 ಡಿಗ್ರಿಯ ಹೊತ್ತಿಗೆ ಶೇಕಡಾ 95 ಸಕ್ಕರೆ, 5 ಗ್ರಾಂ ನೀರು. ಹನಿ ಬಾಗುತ್ತದೆ, ಹಲ್ಲಿಗೆ ಅಂಟುತ್ತದೆ. ಸುಮಾರು 150 ಡಿಗ್ರಿಯಲ್ಲಿ ಶೇಕಡಾ 99 ಸಕ್ಕರೆ, 1 ಗ್ರಾಂ ನೀರು. ಹನಿ ಟಕ್ಕೆಂದು ಮುರಿಯುತ್ತದೆ. ಪಂಚಮಿ ಉಂಡಿಗೂ ಶೇಂಗಾ ಚಿಕ್ಕಿಗೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಈ ಕೆಲವೇ ಗ್ರಾಂ ನೀರಿನದು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕ. 1 ಕಿಲೋಗ್ರಾಂ ನೀರಿನಲ್ಲಿ 1 ಮೋಲ್ ಸಕ್ಕರೆ (342 ಗ್ರಾಂ) ಕರಗಿದರೆ ಕುದಿಬಿಂದು 0.51 ಡಿಗ್ರಿ ಏರುತ್ತದೆ ಎಂದು ನೀವು ಓದಿದ್ದೀರಿ. ಈ ನಿಯಮವನ್ನು ಶೇಕಡಾ 85ರ ಪಾಕಕ್ಕೆ ಹಚ್ಚಿದರೆ ಏರಿಕೆ ಸುಮಾರು 8.5 ಡಿಗ್ರಿ ಬರುತ್ತದೆ. ಅಳೆದರೆ ಸುಮಾರು 16 ಡಿಗ್ರಿ ಇರುತ್ತದೆ. ಆ ನಿಯಮ ತೆಳು ದ್ರಾವಣಕ್ಕೆ ಮಾತ್ರ ಸಲ್ಲುವಂಥದ್ದು ಎಂಬುದನ್ನು ಒಂದು ಪಾತ್ರೆ ಪಾಕ ತೋರಿಸಿಕೊಡುತ್ತದೆ.

ಕೊನೆಯ ಒಂದು ನಿಮಿಷ

ಟಾಫಿ ಮಾಡುವವರು "ಬಹಳ ಹೊತ್ತು ಏನೂ ಆಗಲಿಲ್ಲ, ಆಮೇಲೆ ಒಮ್ಮೆಲೇ ಸೀದುಹೋಯಿತು" ಎನ್ನುವುದುಂಟು. ಇದಕ್ಕೂ ಲೆಕ್ಕವಿದೆ. ಸಣ್ಣ ಉರಿಯಲ್ಲಿ ಪಾತ್ರೆಯೊಳಗೆ ಸೆಕೆಂಡಿಗೆ 300 ಜೂಲ್ ಉಷ್ಣ ಹೋಗುತ್ತಿದೆ ಎಂದುಕೊಳ್ಳೋಣ. ನೀರಿನ ಗುಪ್ತೋಷ್ಣ ಗ್ರಾಂಗೆ ಸುಮಾರು 2260 ಜೂಲ್. ಸೇರಿಸಿದ ನೀರು 30 ಗ್ರಾಂ, 100 ಗ್ರಾಂ ಬೆಣ್ಣೆಯಲ್ಲೇ ಇರುವ ನೀರು ಸುಮಾರು 16 ಗ್ರಾಂ, ಒಟ್ಟು 46 ಗ್ರಾಂ. ಇದರಲ್ಲಿ 28 ಗ್ರಾಂ ಹೋಗಿ ಪಾಕ 116 ಡಿಗ್ರಿಗೆ ಬರಲು ಆವಿಗೆಂದೇ ಮೂರೂವರೆ ನಿಮಿಷ ಬೇಕು. ಆದರೆ 135ರಿಂದ 150ಕ್ಕೆ ಹೋಗಲು ಹೊರಹೋಗಬೇಕಾದ ನೀರು ನಾಲ್ಕು ಗ್ರಾಂ ಚಿಲ್ಲರೆ ಮಾತ್ರ. ಪಾತ್ರೆಯಲ್ಲಿರುವುದನ್ನು ಬಿಸಿಮಾಡುವ ಉಷ್ಣವನ್ನು ಸೇರಿಸಿದರೂ ಒಟ್ಟು ಸುಮಾರು 16,000 ಜೂಲ್. ಅಂದರೆ 50 ಸೆಕೆಂಡು ಚಿಲ್ಲರೆ. ಅಂಟುವ ಟಾಫಿಗೂ ಮುರಿಯುವ ಟಾಫಿಗೂ ನಡುವಿನ ಅಂತರ ಒಂದು ನಿಮಿಷದೊಳಗಿನದು. ಅದರ ಮುಂದಿನ ಅರ್ಧ ನಿಮಿಷದಲ್ಲಿ ತಾಪ 160 ದಾಟಿ ಕಹಿ ಶುರುವಾಗುತ್ತದೆ. ಆದ್ದರಿಂದ ಕೊನೆಯಲ್ಲಿ ಉರಿ ತಗ್ಗಿಸಬೇಕು, ಕಣ್ಣು ತೆಗೆಯಬಾರದು.

ಟಾಫಿ ಘನವೇ?

ಈಗ ಮಗಳ ಪ್ರಶ್ನೆಗೆ ಬರೋಣ. ಸಕ್ಕರೆ ಹರಳಿನಲ್ಲಿ ಅಣುಗಳು ಸಾಲುಸಾಲಾಗಿ ಜೋಡಿಸಿಕೊಂಡಿರುತ್ತವೆ. ಟಾಫಿಯಲ್ಲಿ ಆ ಜೋಡಣೆ ಇಲ್ಲ. ಬಿಸಿ ಪಾಕ ಆರುತ್ತ ಹೋದಂತೆ ಅದರ ಸ್ನಿಗ್ಧತೆ ಎಷ್ಟು ಬೇಗ ಏರುತ್ತದೆಂದರೆ, ಅಣುಗಳು ಸಾಲುಗೂಡುವ ಮೊದಲೇ ಇದ್ದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಹೀಗೆ ಕ್ರಮವಿಲ್ಲದೆಯೇ ಗಟ್ಟಿಯಾದ ವಸ್ತುವನ್ನು ಗಾಜು ಎನ್ನುತ್ತೇವೆ. ಕಿಟಕಿಯ ಗಾಜಿನಂತೆ ಚಿಕ್ಕಿಯೂ ಟಾಫಿಯೂ ಚೂಪಾಗಿ ಒಡೆಯುವುದು ಇದರಿಂದಲೇ.

ಗಾಜಿಗೆ ಹರಳಿನಂತೆ ಖಚಿತವಾದ ಕರಗುವ ಬಿಂದು ಇಲ್ಲ. ಬದಲಿಗೆ ಒಂದು ಸಂಕ್ರಮಣ ತಾಪವಿದೆ. ಅದಕ್ಕಿಂತ ಕೆಳಗೆ ಅದು ಬಿರುಸು, ಮೇಲೆ ಅಂಟು. ಒಣ ಸಕ್ಕರೆ ಗಾಜಿಗೆ ಈ ತಾಪ 60 ಡಿಗ್ರಿಗಿಂತ ತುಸು ಹೆಚ್ಚು. ನೀರಿನ ಚಿಕ್ಕ ಅಣುಗಳು ಸಕ್ಕರೆಯ ದೊಡ್ಡ ಅಣುಗಳ ನಡುವೆ ಸೇರಿ ಅವುಗಳಿಗೆ ಅಲುಗಾಡಲು ಅವಕಾಶ ಕೊಡುವುದರಿಂದ ಸಂಕ್ರಮಣ ತಾಪ ಬಲುಬೇಗ ಇಳಿಯುತ್ತದೆ. ಶೇಕಡಾ 1ರಷ್ಟು ನೀರಿದ್ದರೆ ಅದು ಸುಮಾರು 50 ಡಿಗ್ರಿ, ಶೇಕಡಾ 3ರಷ್ಟಿದ್ದರೆ ಸುಮಾರು 35 ಡಿಗ್ರಿ.

ಉತ್ತರ ಇಲ್ಲೇ ಇದೆ. ಶೇಕಡಾ 3ರಷ್ಟು ನೀರುಳಿದ ಟಾಫಿ ಡಿಸೆಂಬರಿನ ಬೆಂಗಳೂರಿನ ಕೋಣೆಯಲ್ಲಿ, ಅಂದರೆ 23-24 ಡಿಗ್ರಿಯಲ್ಲಿ, ಗಾಜು. ಅದೇ ಟಾಫಿ ಮೇ ತಿಂಗಳ ಸೇಡಂನಲ್ಲಿ, ಹೊರಗೆ 42 ಡಿಗ್ರಿ ಮುಟ್ಟಿ ಮನೆಯೊಳಗೂ 38 ಇರುವಾಗ, ಗಾಜಲ್ಲ. ಮಗಳ ಅಳತೆಯಲ್ಲಿ ತಪ್ಪಿರಲಿಲ್ಲ. ಆ ಅಳತೆ ಬೇರೆ ಹವೆಗಾಗಿ ಬರೆದದ್ದು. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಬೇಸಿಗೆಗೆ ಪಾಕವನ್ನು 150ರ ತನಕ ಒಯ್ಯಲೇಬೇಕು. ಅಲ್ಲಿ 143ಕ್ಕೆ ನಿಲ್ಲಿಸಿದರೂ ನಡೆಯುತ್ತಿತ್ತು. ನಮ್ಮ ಪಾಲಿಗೆ ಉಳಿಯುವ ಅವಕಾಶ, 150ಕ್ಕೂ ಸೀಯುವ 160ಕ್ಕೂ ನಡುವಿನ ಹತ್ತು ಡಿಗ್ರಿ ಮಾತ್ರ.

ಇದೇ ಕಾರಣಕ್ಕೆ ಬೆಲ್ಲದ ಆಯ್ಕೆಯೂ ಯೋಚಿಸಿ ಮಾಡಬೇಕಾದದ್ದು. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಸ್ವಲ್ಪ ಇರುತ್ತವೆ. ಇವು ಪಾಕ ಹರಳುಗಟ್ಟದಂತೆ ತಡೆಯುತ್ತವೆ, ಬಣ್ಣ ರುಚಿ ಕೊಡುತ್ತವೆ. ಆದರೆ ಸಂಕ್ರಮಣ ತಾಪವನ್ನು ಇಳಿಸುತ್ತವೆ. ಚಳಿಗಾಲದಲ್ಲಿ ಕಾಲು ಭಾಗ ಬೆಲ್ಲ ಹಾಕಬಹುದು. ಬೇಸಿಗೆಯಲ್ಲಿ ಒಂದು ಚಮಚಕ್ಕೆ ನಿಲ್ಲಿಸಿ.

ಬಣ್ಣ ಮತ್ತು ಪರಿಮಳ

ಟಾಫಿಯ ಕಂದು ಬಣ್ಣ ಸುಟ್ಟ ಸಕ್ಕರೆಯದಷ್ಟೇ ಅಲ್ಲ. ಬೆಣ್ಣೆಯಲ್ಲಿ ಅಲ್ಪ ಪ್ರಮಾಣದ ಹಾಲಿನ ಪ್ರೋಟೀನು ಇರುತ್ತದೆ. ಅದರ ಅಮೈನೋ ಗುಂಪುಗಳು ಗ್ಲೂಕೋಸಿನಂಥ ಸಕ್ಕರೆಗಳೊಡನೆ ವರ್ತಿಸಿ ನೂರಾರು ಪರಿಮಳದ ಸಂಯುಕ್ತಗಳನ್ನು ಕೊಡುತ್ತವೆ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ ವಿವರಿಸಿದ ಕ್ರಿಯೆ ಇದು. ರೊಟ್ಟಿಯ ಮೇಲಿನ ಕಂದು ಚುಕ್ಕೆಗಳೂ ಹುರಿದ ಶೇಂಗಾದ ವಾಸನೆಯೂ ಇದರಿಂದಲೇ. ತುಪ್ಪದಲ್ಲಿ ಈ ಪ್ರೋಟೀನು ಉಳಿದಿರುವುದಿಲ್ಲ. ಜಿಡ್ಡನ್ನೂ ಪಾಕವನ್ನೂ ಬೆರೆಸಿ ಹಿಡಿದಿಡುವ ಪದಾರ್ಥಗಳೂ ಅದರಲ್ಲಿ ಕಡಿಮೆ. ಆದ್ದರಿಂದ ಟಾಫಿಗೆ ತುಪ್ಪ ಹಾಕಿದರೆ ಜಿಡ್ಡು ಬೇರೆಯಾಗಿ ಮೇಲೆ ತೇಲುತ್ತದೆ. ಬೆಣ್ಣೆಯೇ ಬೇಕು.

ಮಾಡುವ ವಿಧಾನ

ತಳದ ಪದರಕ್ಕೆ: ಮೈದಾ 100 ಗ್ರಾಂ, ಜೋಳದ ಹಿಟ್ಟು 50 ಗ್ರಾಂ, ಪುಡಿ ಸಕ್ಕರೆ 50 ಗ್ರಾಂ, ಬೆಣ್ಣೆ 100 ಗ್ರಾಂ, ಚಿಟಿಕೆ ಉಪ್ಪು. ಜೋಳದಲ್ಲಿ ಗೋಧಿಯಂತೆ ಜಿಗುಟು ಎಳೆ ಕಟ್ಟುವ ಗುಣವಿಲ್ಲ. ಚಪಾತಿಗೆ ಅದು ಕೊರತೆ, ಪುಡಿಪುಡಿಯಾಗಬೇಕಾದ ಬಿಸ್ಕತ್ತಿಗೆ ಅನುಕೂಲ. ಬೇಸಿಗೆಯಲ್ಲಿ ಬೆಣ್ಣೆ ತಾನಾಗಿಯೇ ಕರಗಿರುತ್ತದೆ. ಹಾಗೆಯೇ ಹಿಟ್ಟಿಗೆ ಕಲಸಿ, 20 ಸೆಂಟಿಮೀಟರ್ ಅಗಲದ ತಟ್ಟೆಗೆ ಬೆಣ್ಣೆ ಕಾಗದ ಹಾಸಿ ಅದರ ಮೇಲೆ ಒತ್ತಿ ಹರಡಿ.

ಓವನ್ ಇದ್ದರೆ 170 ಡಿಗ್ರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಇಲ್ಲದಿದ್ದರೆ ಹಳೆಯ ದೊಡ್ಡ ಕುಕ್ಕರಿನ ತಳದಲ್ಲಿ ಎರಡು ಸೆಂಟಿಮೀಟರ್ ಒಣ ಮರಳು ಅಥವಾ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ನಂತರ ತಟ್ಟೆ ಇಡಿ. ಮುಚ್ಚಳದ ರಬ್ಬರನ್ನೂ ಸೀಟಿಯನ್ನೂ ತೆಗೆದಿಡಲೇಬೇಕು, ನೀರು ಹಾಕಬಾರದು. ಇಲ್ಲಿ ಒತ್ತಡದ ಕೆಲಸವಿಲ್ಲ. ಮರಳು ಉರಿಯ ಏರುಪೇರನ್ನು ತಗ್ಗಿಸಿ ಉಷ್ಣವನ್ನು ಸಮನಾಗಿ ಹಂಚುತ್ತದೆ. ಅಂಚು ಕಂದಾದರೆ ಬೆಂದಿದೆ ಎಂದು ಅರ್ಥ.

ಟಾಫಿಗೆ: ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ 100 ಗ್ರಾಂ, ಬೆಣ್ಣೆ 100 ಗ್ರಾಂ, ನೀರು 30 ಗ್ರಾಂ, ಚಿಟಿಕೆ ಉಪ್ಪು. ಸಕ್ಕರೆ ಪೂರ್ತಿ ಕರಗಿದ ಮೇಲೆಯೇ ಕುದಿಸಿ. ಪಾತ್ರೆಯ ಪಕ್ಕಕ್ಕೆ ಹತ್ತಿದ ಹರಳುಗಳನ್ನು ಒದ್ದೆ ಕುಂಚದಿಂದ ಒಳಗಿಳಿಸಿ. ಒಂದು ಹರಳು ಉಳಿದರೂ ಅದರ ಸುತ್ತ ಉಳಿದವು ಸಾಲುಗೂಡಿ ಟಾಫಿ ಮರಳುಮರಳಾಗಬಹುದು. ಸಣ್ಣ ಉರಿಯಲ್ಲಿ ಮೆಲ್ಲಗೆ ತಿರುವುತ್ತ 150ಕ್ಕೆ ತಂದು, ಬೆಂದ ತಳದ ಮೇಲೆ ಸುರಿದು, ಹುರಿದು ಒಡೆದ ಶೇಂಗಾ 80 ಗ್ರಾಂ ಉದುರಿಸಿ ಒತ್ತಿ. ಚಳಿಗಾಲದಲ್ಲಿ ಮೇಲೆ ಚಾಕೊಲೇಟ್ ಚೂರುಗಳನ್ನು ಹಾಕಿದರೆ ಟಾಫಿಯ ಬಿಸಿಗೆ ಕರಗಿ ಹರಡುತ್ತವೆ. ಮೇ ತಿಂಗಳಲ್ಲಿ ಬೇಡ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೇ ಕರಗುವುದರಿಂದ ಅದು ನಮ್ಮಲ್ಲಿ ಗಟ್ಟಿಯಾಗುವುದೇ ಇಲ್ಲ.

ಟಾಫಿ ಇನ್ನೂ ಬಿಸಿ ಇರುವಾಗಲೇ, ಐದಾರು ನಿಮಿಷದೊಳಗೆ, ಚಾಕುವಿನಿಂದ ಗೆರೆ ಕೊಯ್ಯಿರಿ. ಸಂಕ್ರಮಣ ತಾಪಕ್ಕಿಂತ ಮೇಲಿರುವಾಗ ಅದು ಕೊಯ್ಯಿಸಿಕೊಳ್ಳುತ್ತದೆ, ಕೆಳಗಿಳಿದ ಮೇಲೆ ಸಿಕ್ಕಂತೆ ಒಡೆಯುತ್ತದೆ.

ಕಲ್ಲಿನ ಪಾಠ

ಕೆಳಗಿನ ಬಿಸ್ಕತ್ತು ಗಾಳಿ ತುಂಬಿದ ಸರಂಧ್ರ ವಸ್ತುವಾದ್ದರಿಂದ ಉಷ್ಣವನ್ನು ಬೇಗ ಬಿಟ್ಟುಕೊಡುವುದಿಲ್ಲ. ಅದಕ್ಕೇ ನಮಗೆ ಐದಾರು ನಿಮಿಷ ಸಿಗುತ್ತದೆ. ಎಣ್ಣೆ ಸವರಿದ ಶಹಾಬಾದ್ ಕಲ್ಲಿನ ಮೇಲೆ ಚಿಕ್ಕಿ ಸುರಿದು ನೋಡಿ, ಅಷ್ಟು ಸಮಯ ಸಿಗುವುದಿಲ್ಲ. 30 ಸೆಂಟಿಮೀಟರ್ ಚೌಕದ, 2 ಸೆಂಟಿಮೀಟರ್ ದಪ್ಪದ ಈ ಸುಣ್ಣಕಲ್ಲಿನ ತೂಕ ಸುಮಾರು 4.7 ಕಿಲೋಗ್ರಾಂ. 300 ಗ್ರಾಂ ಪಾಕ 150ರಿಂದ 50 ಡಿಗ್ರಿಗೆ ಇಳಿಯುವಾಗ ಬಿಡುವ ಉಷ್ಣವನ್ನೆಲ್ಲ ಕಲ್ಲು ಹೀರಿಕೊಂಡರೂ ಅದರ ತಾಪ ಏರುವುದು ಸುಮಾರು 12 ಡಿಗ್ರಿ ಮಾತ್ರ.

ಬೇಗ ಆರಿಸಿ ಬೇಕಾದ ಸ್ಥಿತಿಯನ್ನು ಹಿಡಿದಿಡುವ ಈ ಉಪಾಯ ನಮ್ಮ ಸುತ್ತಲೇ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಕುಲುಮೆಯಲ್ಲಿ ಸುಣ್ಣಕಲ್ಲಿನ ಮಿಶ್ರಣ ಸುಮಾರು 1450 ಡಿಗ್ರಿಯಲ್ಲಿ ಕ್ಲಿಂಕರ್ ಆಗುತ್ತದೆ. ಅದರ ಮುಖ್ಯ ಘಟಕವಾದ ಟ್ರೈಕ್ಯಾಲ್ಸಿಯಂ ಸಿಲಿಕೇಟ್ ಸುಮಾರು 1250 ಡಿಗ್ರಿಗಿಂತ ಕೆಳಗೆ ಸ್ಥಿರವಲ್ಲ. ನಿಧಾನವಾಗಿ ಆರಿದರೆ ಒಡೆದುಹೋಗುತ್ತದೆ. ಹಾಗಾಗದಂತೆ ತಣ್ಣನೆಯ ಗಾಳಿ ಊದಿ ಬೇಗ ಆರಿಸುತ್ತಾರೆ. ಕ್ಲಿಂಕರ್ ಗಾಜಲ್ಲ, ಹರಳುಗಳ ಮುದ್ದೆ. ಆದರೂ ತತ್ತ್ವ ಒಂದೇ. ಅಣುಗಳಿಗೆ ಮರುಜೋಡಣೆಗೆ ಸಮಯ ಕೊಡಬಾರದು.

ಅಧ್ಯಾಪಕರಿಗೆ ಎಚ್ಚರಿಕೆಯ ಮಾತು

ಶಾಲೆಯ ಪ್ರಯೋಗಾಲಯದ 110 ಡಿಗ್ರಿಯ ಪಾದರಸದ ಉಷ್ಣಮಾಪಕವನ್ನು ಎಂದಿಗೂ ಪಾಕಕ್ಕೆ ಅದ್ದಬೇಡಿ. ಅದು ಒಡೆದು ಪಾದರಸ ಚೆಲ್ಲುತ್ತದೆ. 200 ಡಿಗ್ರಿಯ ತನಕ ತೋರಿಸುವ ಅಡುಗೆಮನೆಯ ಡಿಜಿಟಲ್ ಮಾಪಕ ಬಳಸಿ. ಮೊದಲು ಅದನ್ನು ಕುದಿಯುವ ನೀರಿನಲ್ಲಿ ಇಟ್ಟು ಓದಿ. ನಮ್ಮ ಭಾಗ ಸಮುದ್ರಮಟ್ಟದಿಂದ 400 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ 98.5 ಡಿಗ್ರಿಯ ಆಸುಪಾಸು ತೋರಿಸಬೇಕು. ಎಷ್ಟು ಕಡಿಮೆ ತೋರಿಸಿತೋ ಅಷ್ಟನ್ನು ಪುಸ್ತಕದ 150ರಿಂದ ಕಳೆಯಿರಿ. ಪಾಕ ಚರ್ಮಕ್ಕೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ, ಕುದಿನೀರಿಗಿಂತ ಇದು ಅಪಾಯ. ಮಕ್ಕಳು ದೂರ ನಿಂತು ನೋಡಲಿ. ಬಿದ್ದರೆ ತಕ್ಷಣ ಹರಿಯುವ ನೀರಿನ ಕೆಳಗೆ ಕೈ ಹಿಡಿದು, ವೈದ್ಯರ ಬಳಿ ಕರೆದೊಯ್ಯಿರಿ.

ಮಾಪಕ ಇಲ್ಲದಿದ್ದರೆ ಬಟ್ಟಲು ನೀರಿಗೆ ಹನಿ ಪಾಕ ಹಾಕಿ ನೋಡುವ ಹಳೆಯ ವಿಧಾನವಿದೆ. ಮಗಳು ಅದನ್ನೂ ಮಾಡಿದ್ದಳು. ಹನಿ ಟಕ್ಕೆಂದು ಮುರಿದಿತ್ತು. ಹಾಗಿದ್ದೂ ಟಾಫಿ ಮೆತ್ತಗಾಯಿತೇಕೆ ಎಂದು ನಾನು ಯೋಚಿಸುತ್ತಿದ್ದಾಗ ಅವ್ವ ಕೇಳಿದರು: "ಯಾವ ನೀರಾಗ ನೋಡಿದೆವ್ವಾ?" ಗಡಿಗೆಯ ತಣ್ಣೀರಿನಲ್ಲಿ ಎಂದಳು. "ಬ್ಯಾಸಗ್ಯಾಗ ಗಡಗಿ ನೀರಾಗ ನೋಡಬಾರದು. ಹೊರಗಿನ ನೀರಾಗೇ ಮುರೀಬೇಕು."

ಸರಿಯಾದ ಮಾತು. ಗಡಿಗೆಯ ನೀರು ಆವಿಯಾಗುವಿಕೆಯಿಂದ ತಂಪಾಗಿ ಕೋಣೆಗಿಂತ ಹತ್ತು ಡಿಗ್ರಿ ಕೆಳಗಿರಬಹುದು. ಸಂಕ್ರಮಣ ತಾಪ 35 ಇರುವ ಹನಿ 28 ಡಿಗ್ರಿಯ ಆ ನೀರಿನಲ್ಲಿ ಗಾಜಾಗಿ ಮುರಿಯುತ್ತದೆ, 38 ಡಿಗ್ರಿಯ ಕೋಣೆಯಲ್ಲಿ ಮತ್ತೆ ಅಂಟಾಗುತ್ತದೆ. ಟಾಫಿ ಯಾವ ತಾಪದಲ್ಲಿ ಉಳಿಯಬೇಕೋ ಅದೇ ತಾಪದ ನೀರಿನಲ್ಲಿ ಪರೀಕ್ಷಿಸಬೇಕು. ಮರುದಿನ ಮಗಳು ಹೊರಗಿಟ್ಟ ಬಟ್ಟಲಿನ ನೀರಿನಲ್ಲಿ ಹನಿ ಮುರಿಯುವ ತನಕ ಪಾಕವನ್ನು ಒಲೆಯ ಮೇಲಿಟ್ಟಳು. ಆ ಪಟ್ಟಿಗಳು ಸಂಜೆಗೂ ಕಟುಮ್ ಎಂದವು.

ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ: ಗಾಳಿಯ ತೇವವನ್ನು ಹೀರಿ ಟಾಫಿಯ ಮೇಲ್ಮೈ ಅಂಟಾಗುತ್ತದೆ. ಪೂರ್ತಿ ಆರಿದೊಡನೆ ನಡುನಡುವೆ ಬೆಣ್ಣೆ ಕಾಗದ ಇಟ್ಟು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಒಂದು ಪಟ್ಟಿಯನ್ನು ಮಾತ್ರ ಹೊರಗಿಟ್ಟು, ಅಕ್ಷರ ತಕ್ಕಡಿಯಲ್ಲಿ ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ಎಷ್ಟು ಏರಿದಾಗ ಅದು ಮುರಿಯುವುದನ್ನು ನಿಲ್ಲಿಸಿತು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳೇ ಕಂಡುಹಿಡಿಯಲಿ.